ಮಳೆಗಾಲದಲ್ಲಿ ಸೋಲಾರ್ ದೀಪ

ಬಾಬುರಾಯನಕೊಪ್ಪಲು. ಅಲ್ಲೊಂದು ಹೆಂಚಿನ ಮನೆ. ಹೆಂಚಿನ ಮೇಲೆ ಸೋಲಾರ್ ಪ್ಲೇಟು. ಮನೆಯೊಳಗೆ ಬ್ಯಾಟರಿ. ರಾತ್ರಿ ಎರಡು ದೀಪ ಉರಿಯುತ್ತವೆ. ಮಗಳು ಹತ್ತನೇ ತರಗತಿ. ಆ ಬೆಳಕಿನಲ್ಲೇ ಓದುತ್ತಾಳೆ.

ಜಡಿಮಳೆ ಹಿಡಿಯಿತು. ಮೂರು ದಿನ ಬಿಸಿಲೇ ಇಲ್ಲ. ರಾತ್ರಿ ಎಂಟು ಗಂಟೆಗೇ ದೀಪ ಆರಿತು. ತಾಯಿಗೆ ಗಾಬರಿ. ಪಕ್ಕದ ಮನೆಗೆ ಓಡಿದಳು.

"ಅಕ್ಕಾ, ಮಳೆ ನೀರು ಇಳಿದು ಪ್ಲೇಟು ಕೆಟ್ಟೋಯ್ತಾ? ಸಂಘದ ಸಾಲ ಇನ್ನೂ ತೀರಿಲ್ಲ."

"ಕೆಟ್ಟಿಲ್ಲ ಕಣವ್ವ. ಅದರ ಮೇಲೆ ಗಟ್ಟಿ ಗಾಜು ಐತೆ. ನೀರು ಒಳಗೆ ಇಳಿಯಲ್ಲ. ಮಳೆ ಬಂದರೆ ಧೂಳು ತೊಳೆದು ಹೋಗ್ತದೆ, ಒಳ್ಳೇದೇ."

"ಮತ್ತೆ ದೀಪ ಯಾಕೆ ಆರಿತು?"

"ಪ್ಲೇಟಿಗೆ ಬೇಕಾದ್ದು ಬೆಳಕು. ದಟ್ಟ ಮೋಡ ಕವಿದರೆ ಕಾಲು ಭಾಗ ಕರೆಂಟೂ ಬರೋದು ಕಷ್ಟ. ಬ್ಯಾಟರಿ ತುಂಬಲ್ಲ. ಕಾಲು ಕೊಡ ನೀರು ಹಿಡಿದು ಇಡೀ ದಿನ ಬಳಸಕ್ಕಾಯ್ತದಾ?"

"ಆಲಿಕಲ್ಲು ಬಿದ್ದರೆ?"

"ನೆಲ್ಲಿಕಾಯಿ ಗಾತ್ರದ ಮಂಜುಗಡ್ಡೆ ಹೊಡೆದು ಗಾಜನ್ನು ಪರೀಕ್ಷೆ ಮಾಡಿರ್ತಾರೆ. ಅದಕ್ಕಿಂತ ದೊಡ್ಡ ಕಲ್ಲು ಬಿದ್ದರೆ ಒಡೀಬಹುದು. ಗಾಳಿಯದ್ದೇ ಹೆಚ್ಚು ಭಯ. ನಟ್ಟು ಸಡಿಲ ಇದ್ದರೆ ಪ್ಲೇಟು ಹಾರಿಹೋಗ್ತದೆ."

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರಿಂದ ಅಲ್ಲಿ ಕರೆಂಟ್ ತಯಾರಾಗುತ್ತಿದೆ. ಅಲ್ಲಿಯ ಪ್ಲೇಟುಗಳೂ ಬಯಲಿನಲ್ಲೇ ಇವೆ. ಗಾಳಿ ಮಳೆ ಅವಕ್ಕೂ ತಪ್ಪಿದ್ದಲ್ಲ.

ಆ ರಾತ್ರಿ ಮಗಳು ಸೀಮೆಎಣ್ಣೆ ಬುಡ್ಡಿ ಹಚ್ಚಿ ಓದಿದಳು. ಮರುದಿನ ಮೋಡ ಸ್ವಲ್ಪ ತೆಳುವಾಯಿತು. ರಾತ್ರಿ ತಾಯಿ ಒಂದೇ ದೀಪ ಹಾಕಿದಳು, ಅದೂ ಓದಲು ಮಾತ್ರ. ಮಗಳು ಹತ್ತು ಗಂಟೆವರೆಗೆ ಓದಿದಳು.

ನೆನಪಿಡಿ

1. ಮುಂಗಾರಿಗೆ ಮುಂಚೆ ನಟ್ಟು, ಬೋಲ್ಟು ಬಿಗಿ ಮಾಡಿಸಿ.
2. ಪ್ಲೇಟಿನ ಮೇಲೆ ಮರದ ನೆರಳು ಬೀಳದಂತೆ ಕೊಂಬೆ ಕಡಿಸಿ. ಸ್ವಲ್ಪ ನೆರಳು ಬಿದ್ದರೂ ಕರೆಂಟ್ ಬಹಳ ಕಡಿಮೆಯಾಗುತ್ತದೆ.
3. ಮೋಡದ ದಿನ ಬೇಕಾದ ದೀಪ ಮಾತ್ರ ಹಾಕಿ.
4. ಮಳೆ, ಸಿಡಿಲು ಇದ್ದಾಗ ಮನೆ ಮೇಲೆ ಹತ್ತಬೇಡಿ.
5. ಗಾಜು ಒಡೆದರೆ, ವೈರು ಕಿತ್ತರೆ ಮುಟ್ಟಬೇಡಿ. ರಿಪೇರಿಯವರನ್ನು ಕರೆಸಿ.

ಉತ್ತರ ಬರೆಯಿರಿ

1. ದೀಪ ಬೇಗ ಆರಿದ್ದು ಏಕೆ?
2. ಮಳೆಯಿಂದ ಪ್ಲೇಟಿಗೆ ಏನು ಲಾಭ?
3. ನಿಮ್ಮ ಮನೆಯಲ್ಲಿ ಕರೆಂಟ್ ಕಡಿಮೆ ಇದ್ದಾಗ ಯಾವ ದೀಪ ಉರಿಯಬೇಕು? ಏಕೆ?