ಕ್ರೇನಿನ ಬ್ರೇಕ್ ಕೈಕೊಡದಿರಲು ಏಳು ಸೂತ್ರಗಳು

1. ಕರೆಂಟ್ ಹೋದಾಗ ಬ್ರೇಕ್ ಹಿಡಿಯಬೇಕು, ಬಿಡಬಾರದು. ಹಿಡಿಯುವ ಕೆಲಸ ಸ್ಪ್ರಿಂಗಿನದು, ಬಿಡಿಸುವುದಷ್ಟೇ ಕಾಯಿಲ್‌ನದು. ಕಾಯಿಲ್‌ನ ತಂತಿ ತುಂಡಾದರೂ ಫ್ಯೂಸ್ ಹೋದರೂ ಭಾರ ಇದ್ದಲ್ಲೇ ನಿಲ್ಲುತ್ತದೆ.

2. ಭಾರ ಎತ್ತುವ ಮೋಟಾರಿಗೆ ಡಿಸಿ ಇಂಜೆಕ್ಷನ್ ಬ್ರೇಕನ್ನೇ ನೆಚ್ಚಬೇಡಿ. ಕರೆಂಟ್ ಹೋದರೆ ಅದೂ ಹೋಯಿತು. ಗರಗಸದಂಥ ಯಂತ್ರಕ್ಕಾದರೆ ಸರಿ. ಅಲ್ಲಿಯೂ ಮೈನ್ ಕಾಂಟ್ಯಾಕ್ಟರ್, ಡಿಸಿ ಕಾಂಟ್ಯಾಕ್ಟರ್ ಒಟ್ಟಿಗೆ ಎಳೆಯಬಾರದು. ಎನ್‌ಸಿ ಕಾಂಟ್ಯಾಕ್ಟ್ ಜೊತೆಗೆ ಮೆಕ್ಯಾನಿಕಲ್ ಇಂಟರ್‌ಲಾಕ್ ಕೂಡ ಹಾಕಿ. ಟೈಮರ್ ಕೆಟ್ಟರೆ ನಿಂತ ಮೋಟಾರಿನಲ್ಲಿ ಡಿಸಿ ಹರಿಯುತ್ತಲೇ ಇರುತ್ತದೆ, ಶಾಫ್ಟಿನ ಫ್ಯಾನೂ ತಿರುಗದು. ವೈಂಡಿಂಗ್‌ನಲ್ಲಿ ಥರ್ಮಿಸ್ಟರ್ ಇರಲಿ.

3. ಎರಡು ಫೇಸ್ ಅದಲುಬದಲು ಮಾಡಿ ನಿಲ್ಲಿಸುವ ಪ್ಲಗಿಂಗ್‌ಗೆ ಜೀರೋ ಸ್ಪೀಡ್ ಸ್ವಿಚ್ ಬೇಕೇ ಬೇಕು. ಇಲ್ಲದಿದ್ದರೆ ಮೋಟಾರ್ ನಿಂತು, ಹಿಂದಕ್ಕೆ ಓಡಲು ಶುರು ಮಾಡುತ್ತದೆ.

4. ಹೆಚ್ಚು ಜನ ಎಡವುವುದು ಬ್ರೇಕ್ ರೆಸಿಸ್ಟರ್‌ನಲ್ಲಿ. 415 ವೋಲ್ಟ್ ಡ್ರೈವಿನ ಡಿಸಿ ಬಸ್ ಸುಮ್ಮನಿದ್ದಾಗಲೇ ಸುಮಾರು 587 ವೋಲ್ಟ್. ಭಾರ ಇಳಿಸುವಾಗ ಅದು ಇನ್ನೂ ಏರುತ್ತದೆ. ಹೆಚ್ಚಿದ್ದನ್ನು ಚಾಪರ್ ಟ್ರಾನ್ಸಿಸ್ಟರ್ ರೆಸಿಸ್ಟರಿಗೆ ಸುರಿಯುತ್ತದೆ. ಆ ಟ್ರಾನ್ಸಿಸ್ಟರ್ ಶಾರ್ಟ್ ಆಯಿತೆನ್ನಿ. ರೆಸಿಸ್ಟರ್ ಬಿಡುವಿಲ್ಲದೆ ಕಾಯುತ್ತದೆ, ಕೊನೆಗೆ ಕೆಂಪಗಾಗುತ್ತದೆ. ರೆಸಿಸ್ಟರಿನ ಥರ್ಮಲ್ ಸ್ವಿಚ್ಚನ್ನು ಡ್ರೈವಿನ ಸ್ಟಾಪ್ ಟರ್ಮಿನಲ್‌ಗೆ ಕೊಟ್ಟಿದ್ದರೆ ಡ್ರೈವ್ ಮರ್ಯಾದೆಯಿಂದ ನಿಲ್ಲುತ್ತದೆ. ರೆಸಿಸ್ಟರ್ ಮಾತ್ರ ಉರಿಯುತ್ತಲೇ ಇರುತ್ತದೆ, ಏಕೆಂದರೆ ಬಸ್ಸಿಗೆ ಮೈನ್ ಸಪ್ಲೈ ಬರುತ್ತಲೇ ಇದೆ. ಆ ಸ್ವಿಚ್ಚು ಬೀಳಿಸಬೇಕಾದ್ದು ಡ್ರೈವಿನ ಮುಂದಿನ ಮೈನ್ ಕಾಂಟ್ಯಾಕ್ಟರನ್ನು. ಒಂದು ಕಾಂಟ್ಯಾಕ್ಟರಿನ ಖರ್ಚು ಉಳಿಸಿ ಪ್ಯಾನೆಲ್ ಸುಟ್ಟುಕೊಳ್ಳುವುದು ಯಾವ ಲೆಕ್ಕ?

5. ಮೋಟಾರ್ ಭಾರ ಹೊರುವಷ್ಟು ಟಾರ್ಕ್ ಹುಟ್ಟಿದ ಮೇಲೆಯೇ ಬ್ರೇಕ್ ಬಿಡಿಸಿ. ಬ್ರೇಕ್ ನಿಜಕ್ಕೂ ತೆರೆಯಿತೇ ಎಂದು ಹೇಳುವ ಲಿಮಿಟ್ ಸ್ವಿಚ್ ಇರಲಿ. ಇಲ್ಲದಿದ್ದರೆ ಹಿಡಿದ ಬ್ರೇಕಿನಲ್ಲೇ ಮೋಟಾರ್ ಓಡಿ ಲೈನರ್ ಸುಡುತ್ತದೆ.

6. ಬ್ರೇಕ್ ಕಾಯಿಲ್‌ಗೆ ಡ್ರೈವಿನ ಔಟ್‌ಪುಟ್‌ನಿಂದ ಸಪ್ಲೈ ಎಳೆಯಬೇಡಿ, ಬೇರೆಯೇ ಕೊಡಿ. ರೆಕ್ಟಿಫೈಯರಿನ ಎಸಿ ಬದಿಯನ್ನಷ್ಟೇ ಕಡಿದರೆ ಕಾಯಿಲ್‌ನ ಕರೆಂಟ್ ಡಯೋಡಿನಲ್ಲೇ ಸುತ್ತುತ್ತಾ ನಿಧಾನವಾಗಿ ಇಳಿಯುತ್ತದೆ. ಬ್ರೇಕ್ ತಡವಾಗಿ ಹಿಡಿಯುತ್ತದೆ, ಕೊಕ್ಕೆ ಅಷ್ಟು ಜಾರುತ್ತದೆ. ಡಿಸಿ ಬದಿಯನ್ನೂ ಕಡಿಯಿರಿ, ಸರ್ಜ್ ಸಪ್ರೆಸರ್ ಮರೆಯಬೇಡಿ.

7. ಕಾಂಟ್ಯಾಕ್ಟ್ ಅಂಟಿಕೊಳ್ಳುವುದು ಉಂಟು. ಬ್ರೇಕ್ ಸರ್ಕ್ಯೂಟಿನಲ್ಲಿ ಎರಡು ಕಾಂಟ್ಯಾಕ್ಟರ್ ಸೀರೀಸ್‌ನಲ್ಲಿ ಹಾಕಿ. ಎರಡರ ಮಿರರ್ ಕಾಂಟ್ಯಾಕ್ಟೂ ಸರಿ ಎನ್ನದೆ ಮತ್ತೆ ಸ್ಟಾರ್ಟ್ ಆಗಕೂಡದು. ಟೆಸ್ಟಿಂಗ್‌ಗೆಂದು ಹಾಕಿದ ಜಂಪರ್ ವೈರ್ ಎದ್ದು ಕಾಣುವ ಬಣ್ಣದ್ದಿರಲಿ, ಲಾಗ್‌ಬುಕ್‌ನಲ್ಲಿ ಬರೆದಿಡಿ, ಶಿಫ್ಟ್ ಮುಗಿಯುವ ಮೊದಲು ಎಣಿಸಿ ತೆಗೆಯಿರಿ.