ಹಿಂಗಾರಿನ ಘಾಟಿಯಲ್ಲಿ ಸೈಕಲ್: ಇಳಿಯಲು ಬಲ್ಲವರಿಗೆ 14 ಸೂತ್ರಗಳು

ಮುಂಗಾರಿಗೆ ಸೈಕಲ್ ಸವಾರರು ಹೆದರುತ್ತಾರೆ. ಜೂನ್ ಬಂತೆಂದರೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಮನೆಯಲ್ಲಿ ಕೂರುತ್ತಾರೆ. ಹಿಂಗಾರಿಗೆ ಮಾತ್ರ ಯಾರೂ ಹೆದರುವುದಿಲ್ಲ. ದೀಪಾವಳಿ ಕಳೆದು ಬೆಳಗಿನ ಚಳಿ ಹದಕ್ಕೆ ಬಂದೊಡನೆ ಬೆಂಗಳೂರು, ಮೈಸೂರಿನ ತಂಡಗಳೆಲ್ಲ ನಂದಿಬೆಟ್ಟ, ಚಿಕ್ಕಮಗಳೂರು, ನೀಲಗಿರಿಯ ದಾರಿ ಹಿಡಿಯುತ್ತವೆ. 2008ರಲ್ಲಿ ಶುರುವಾದ 'ಟೂರ್ ಆಫ್ ನೀಲಗಿರೀಸ್' ಸೈಕಲ್ ಯಾತ್ರೆ ನಡೆಯುವುದೂ ಹೆಚ್ಚಾಗಿ ಡಿಸೆಂಬರಿನಲ್ಲೇ. ಆದರೆ ಬಂಗಾಳಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಎದ್ದರೆ ಸಾಕು, ಈ ಬೆಟ್ಟಗಳ ಮೇಲೆ ಎರಡು ಮೂರು ದಿನ ಬಿಡದೆ ಜಿಟಿಜಿಟಿ ಹಿಡಿಯುತ್ತದೆ. ಮುಂಗಾರಿನಲ್ಲಿ ನೆನೆಯುತ್ತೀರಿ, ಅಷ್ಟೆ. ಹಿಂಗಾರಿನಲ್ಲಿ ನೆನೆದು ನಡುಗುತ್ತೀರಿ.

ಬೆಟ್ಟ ಏರಲು ಕಾಲು ಸಾಕು. ಇಳಿಯಲು ಕೈ ಬೇಕು, ಕಣ್ಣು ಬೇಕು, ಬ್ರೇಕು ಬೇಕು. ಒದ್ದೆ ಚಳಿಗಾಲ ಈ ಮೂರನ್ನೂ ಕೆಡಿಸುತ್ತದೆ. ಹಾಗಾಗಿ ಇಲ್ಲಿನ ಸೂತ್ರಗಳಲ್ಲಿ ಹಲವು ಇಳಿಜಾರಿಗೆ ಸಂಬಂಧಿಸಿದವು. ಏರುವುದನ್ನು ಹೇಗೂ ಕಲಿಯುತ್ತೀರಿ.

1. ಬೆಟ್ಟದ ಯಾವ ಮಗ್ಗುಲು ಎಂದು ಮೊದಲು ನೋಡಿ

ಹಿಂಗಾರು ಬರುವುದು ಪೂರ್ವದಿಂದ. ನೀಲಗಿರಿಯಲ್ಲಿ ಅದರ ಪೆಟ್ಟು ಮೊದಲು ಬೀಳುವುದು ಪೂರ್ವದ ಇಳಿಜಾರಿನ ಕೋತಗಿರಿ, ಕೂನೂರಿನ ಮೇಲೆ. ಜೂನ್, ಜುಲೈನಲ್ಲಿ ನೆನೆದು ತೊಪ್ಪೆಯಾಗುವ ಪಶ್ಚಿಮದ ಗೂಡಲೂರಿನ ಕಡೆ ನವೆಂಬರಿನಲ್ಲಿ ಸಾಮಾನ್ಯವಾಗಿ ಅಷ್ಟು ಮಳೆ ಇರುವುದಿಲ್ಲ. ಒಂದೇ ಬೆಟ್ಟ, ಒಂದೇ ದಿನ, ಎರಡು ಬೇರೆ ಹವೆ. 'ಊಟಿಯಲ್ಲಿ ಮಳೆಯಂತೆ' ಎಂಬ ಸುದ್ದಿ ಕೇಳಿ ಪ್ರವಾಸವನ್ನೇ ಕೈಬಿಡುವ ಬದಲು ದಾರಿ ಬದಲಿಸಿದರೂ ಆದೀತು.

2. ಹವಾಮಾನ ಇಲಾಖೆ ಕಿತ್ತಳೆ ಎಂದರೆ ಹೊರಡಬೇಡಿ

ಹಳದಿ ಎಚ್ಚರಿಕೆಗೆ ರೇನ್‌ಕೋಟು ಸಾಕು. ಕಿತ್ತಳೆಗೆ, ಕೆಂಪಿಗೆ ಮನೆಯೇ ಸರಿ. 2009ರ ನವೆಂಬರಿನಲ್ಲಿ ನೀಲಗಿರಿಯ ಗುಡ್ಡಗಳು ಕುಸಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು, ಘಾಟಿ ರಸ್ತೆಗಳು ಕಿತ್ತುಹೋದವು. ಮಣ್ಣು ಕುಸಿಯುವ ರಸ್ತೆಯಲ್ಲಿ ಸವಾರನ ಜಾಣತನ ಕೆಲಸಕ್ಕೆ ಬರುವುದಿಲ್ಲ.

3. ಬೆಳಕು ಹರಿದ ಮೇಲೆ ಹೊರಡಿ, ಬೆಳಕಿರುವಾಗಲೇ ಇಳಿದು ಮುಗಿಸಿ

ಬೇಸಿಗೆಯ ಚಾಳಿಯಂತೆ ನಸುಕಿನ ನಾಲ್ಕಕ್ಕೆ ಹೊರಟರೆ ಸಿಗುವುದು ಮಂಜು ಮತ್ತು ಕತ್ತಲು. ನಂದಿಬೆಟ್ಟದಲ್ಲಿ ಇನ್ನೊಂದು ಕಾಟವಿದೆ. ವಾರಾಂತ್ಯಗಳಲ್ಲಿ ಸೂರ್ಯೋದಯ ನೋಡಲು ಕಾರುಗಳು ಸಾಲುಗಟ್ಟಿ ಏರುತ್ತವೆ. ಮಂಜಿನಲ್ಲಿ ಸೂರ್ಯ ಕಾಣುವುದಿಲ್ಲ, ಆದರೂ ಅವರು ಬರುತ್ತಾರೆ. ಸಂಜೆಗೆ ಬೆಟ್ಟದ ಮೇಲೆ ಉಳಿಯುವುದೂ ಬೇಡ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲು, ಮೋಡವಿದ್ದರೆ ಐದಕ್ಕೇ.

4. ಗಾಳಿ ತುಸು ಇಳಿಸಿ, ಟೈರು ದಪ್ಪದ್ದಿರಲಿ

ಟೈರಿಗೆ ಎಂದಿಗಿಂತ ಐದರಿಂದ ಹತ್ತು ಪಿಎಸ್‌ಐ ಕಡಿಮೆ ಗಾಳಿ ತುಂಬಿ. ರಸ್ತೆಗೆ ತಾಗುವ ರಬ್ಬರ್ ಜಾಸ್ತಿಯಾಗುತ್ತದೆ, ಹಿಡಿತ ಸಿಗುತ್ತದೆ. 23 ಮಿಲಿಮೀಟರಿನ ಹಳೆಯ ರೇಸ್ ಟೈರಿಗಿಂತ 28 ಅಥವಾ 32ರದ್ದು ಮೇಲು. ಟೈರಿನ ಮೇಲಿನ ಗೆರೆಗಳನ್ನು ನೋಡಿ ಮರುಳಾಗಬೇಡಿ. ಸೈಕಲ್ ಟೈರು ಕಾರಿನದರಂತೆ ನೀರಿನ ಮೇಲೆ ತೇಲುವುದಿಲ್ಲ, ಅದು ಕಿರಿದು ಮತ್ತು ದುಂಡು. ಡಾಂಬರಿನ ಮೇಲೆ ಹಿಡಿತ ಕೊಡುವುದು ಮೆತ್ತನೆಯ ರಬ್ಬರೇ ಹೊರತು ಕೆತ್ತನೆಯಲ್ಲ. ಒದ್ದೆಯಲ್ಲಿ ಗಾಜಿನ ಚೂರು, ಕಲ್ಲಿನ ಮೊನೆ ರಬ್ಬರಿಗೆ ಸುಲಭವಾಗಿ ಇಳಿಯುವುದರಿಂದ ಪಂಕ್ಚರ್ ಹೆಚ್ಚು. ಟ್ಯೂಬು ಎರಡು ಇಟ್ಟುಕೊಳ್ಳಿ. ಮಳೆಯಲ್ಲಿ ಪ್ಯಾಚ್ ಅಂಟಿಸಲು ಕೂತವರ ಪಾಡು ಬೇಡ.

5. ಬ್ರೇಕ್ ಹಿಡಿಯುವ ಮುಂಚೆ ಬ್ರೇಕ್ ಒರೆಸಿ

ರಿಮ್ ಬ್ರೇಕಿನವರಿಗೆ ಇದು ಜೀವದ ಮಾತು. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ನಿಮ್ಮ ಚಕ್ರ ಒಂದು ಸುತ್ತಿಗೆ ಎರಡು ಮೀಟರಿನಷ್ಟು ಉರುಳುತ್ತದೆ. ರಿಮ್ ಒದ್ದೆಯಿದ್ದಾಗ ಮೊದಲ ಕೆಲವು ಸುತ್ತು ಬ್ರೇಕ್ ಪ್ಯಾಡು ಮಾಡುವ ಕೆಲಸ ನೀರು ಒರೆಸುವುದಷ್ಟೇ, ಸೈಕಲ್ ನಿಲ್ಲಿಸುವುದಲ್ಲ. ಅಷ್ಟರೊಳಗೆ ಹತ್ತು ಮೀಟರ್ ಹೋಗಿರುತ್ತದೆ, ಹೇರ್‌ಪಿನ್ ತಿರುವು ಬಂದಿರುತ್ತದೆ. ಆದ್ದರಿಂದ ಇಳಿಯುವಾಗ ನೇರ ರಸ್ತೆಯಲ್ಲೂ ಆಗಾಗ ಬ್ರೇಕನ್ನು ಹಗುರಾಗಿ ತಾಗಿಸುತ್ತಿರಿ, ರಿಮ್ ಒಣಗಿರಲಿ. ನಿಜವಾಗಿ ನಿಧಾನಿಸಬೇಕಾದ ಜಾಗ ಬರುವ ಹೊತ್ತಿಗೆ ಪ್ಯಾಡು ಕಚ್ಚುತ್ತದೆ.

ಡಿಸ್ಕ್ ಬ್ರೇಕಿನವರು ನಗುವುದು ಬೇಡ. ನಿಲ್ಲಿಸುವ ಶಕ್ತಿ ಹೆಚ್ಚಿದ್ದರೂ ರಸ್ತೆಯ ಹಿಡಿತ ಇಬ್ಬರಿಗೂ ಒಂದೇ. ಗಟ್ಟಿಯಾಗಿ ಒತ್ತಿದರೆ ಚಕ್ರ ಕಟ್ಟಿಕೊಂಡು ಜಾರುತ್ತದೆ. ಕೆಸರಿನ ಮರಳು ಸೇರಿದರೆ ಆ ಪ್ಯಾಡೂ ಒಂದೇ ದೊಡ್ಡ ಇಳಿಜಾರಿನಲ್ಲಿ ಸಾಕಷ್ಟು ಸವೆಯುತ್ತದೆ. ವೈರಿನ ಡಿಸ್ಕ್ ಆದರೆ ನಡುವೆ ನಿಂತು ಬಿಗಿ ಮಾಡಿಕೊಳ್ಳಬೇಕಾದೀತು, ಅಲೆನ್ ಕೀ ಮೇಲಿನ ಜೇಬಿನಲ್ಲಿರಲಿ.

6. ಏರುವಾಗ ಕೂತೇ ತುಳಿಯಿರಿ

ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ, ಪಾಚಿ ಹಿಡಿದ ಜಾಗದಲ್ಲಿ ಚಕ್ರ ಗಿರಕಿ ಹೊಡೆಯುತ್ತದೆ. ಸಣ್ಣ ಗೇರ್, ಸಮನಾದ ತುಳಿತ, ಅಷ್ಟೆ. ಹಿಂದೆ 32 ಹಲ್ಲಿನ ಗೇರ್ ಹಾಕಿಸಿಕೊಳ್ಳಲು ನಾಚುವವರು ನೀಲಗಿರಿಯ ಕಲ್ಹಟ್ಟಿ ಘಾಟಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ.

7. ಏರುವಾಗ ಬಿಚ್ಚಿ, ತುದಿಯಲ್ಲಿ ತೊಡಿ

ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ರೇನ್‌ಕೋಟ್ ತೊಟ್ಟು ಏರಿದರೆ ಒಳಗಿನ ಬೆವರಿಗೇ ತೊಯ್ದಿರುತ್ತೀರಿ. ತುದಿ ತಲುಪಿ ಇಳಿಯಲು ಹೊರಟಾಗ ಕಾಲಿಗೆ ಕೆಲಸವಿಲ್ಲ, ಮೈ ಬಿಸಿ ಹುಟ್ಟಿಸುವುದಿಲ್ಲ, ಎದುರಿನಿಂದ ಗಂಟೆಗೆ ನಲವತ್ತು ಕಿಲೋಮೀಟರಿನ ಗಾಳಿ. ಜೊತೆಗೆ ಎತ್ತರದ ಲೆಕ್ಕವಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಮೆಟ್ಟುಪಾಳ್ಯದಿಂದ ಕೂನೂರಿಗೆ ಒಂದೂವರೆ ಸಾವಿರ ಮೀಟರ್ ಏರು. ಬುಡದಲ್ಲಿ ಹಿತವೆನಿಸಿದ ಗಾಳಿ ಮೇಲೆ ಒಂಬತ್ತು ಡಿಗ್ರಿ ತಣ್ಣಗಿರುತ್ತದೆ.

1988ರ ಜೂನ್ 5ರಂದು ಇಟಲಿಯ ಗಾವಿಯಾ ಘಾಟಿಯಲ್ಲಿ, ಹಲವು ದಿನ ನಡೆಯುವ ಜಿರೋ ದ'ಇಟಾಲಿಯಾ ಸೈಕಲ್ ರೇಸ್ ಹಿಮಪಾತಕ್ಕೆ ಸಿಕ್ಕಿತು. 2,600 ಮೀಟರಿಗೂ ಎತ್ತರದ ಆ ತುದಿಯನ್ನು ಮೊದಲು ಮುಟ್ಟಿದವನು ಹಾಲೆಂಡಿನ ಯೋಹಾನ್ ವಾನ್ ಡರ್ ವೆಲ್ಡೆ, ಅರ್ಧ ತೋಳಿನ ಅಂಗಿಯಲ್ಲಿ. ಇಳಿಯಲು ಹೊರಟವನು ಚಳಿಗೆ ಮರಗಟ್ಟಿ ದಾರಿಯಲ್ಲೇ ನಿಂತ. ಗುರಿ ಸೇರಿದ್ದು ಗೆದ್ದವನಿಗಿಂತ ಮುಕ್ಕಾಲು ಗಂಟೆಗೂ ತಡವಾಗಿ. ಅಮೆರಿಕದ ಆ್ಯಂಡಿ ಹ್ಯಾಂಪ್‌ಸ್ಟನ್‌ನ ತಂಡ ಅಂದು ಬೆಳಗ್ಗೆಯೇ ಸ್ಕೀ ಅಂಗಡಿಯಿಂದ ದಪ್ಪ ಕೈಗವಸು, ಟೋಪಿ ಕೊಂಡು ತಂದಿತ್ತು. ಅವನು ಅಂದು ಎರಡನೆಯವನಾದ, ಮುನ್ನಡೆಯವನ ಗುಲಾಬಿ ಜೆರ್ಸಿ ತೊಟ್ಟ, ಇಡೀ ರೇಸನ್ನೇ ಗೆದ್ದ. ತುದಿಗೆ ಮೊದಲು ಮುಟ್ಟಿದವನ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು?

ಸ್ಕೀ ಅಂಗಡಿ ನಮಗೆ ಬೇಡ. ಒಂದು ವಿಂಡ್‌ಚೀಟರು, ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ಒಣ ಬನಿಯನ್ನು ಸಾಕು. ಹತ್ತಿಯದು ಬೇಡ, ಒಮ್ಮೆ ನೆನೆದರೆ ಅದು ದಿನವಿಡೀ ಮೈಗೆ ಅಂಟಿರುತ್ತದೆ. ತುದಿಯ ಚಹಾ ಅಂಗಡಿಯಲ್ಲಿ ಹಳೆಯ ದಿನಪತ್ರಿಕೆ ಕೇಳಿ ಎದೆಯ ಮೇಲೆ, ಅಂಗಿಯೊಳಗೆ ಸೇರಿಸಿಕೊಳ್ಳಿ. ಯುರೋಪಿನ ವೃತ್ತಿಪರ ಸವಾರರು ದಶಕಗಳ ಕಾಲ ಮಾಡಿದ್ದು ಇದನ್ನೇ. ಭಾನುವಾರದ ಪುರವಣಿ ಸೇರಿದ್ದರೆ ಇನ್ನೂ ಬೆಚ್ಚಗೆ.

8. ಬೆರಳು ಮರಗಟ್ಟಿದರೆ ನಿಲ್ಲಿ

ಬೆರಳು ಮಡಚದಿದ್ದರೆ ಬ್ರೇಕ್ ಇದ್ದೂ ಇಲ್ಲ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಮಾಮೂಲಿ ಗ್ಲೌಸಿನ ಮೇಲೆ ಹಾಕಿ. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಚೆನ್ನಾಗಿ ಮಾಡುತ್ತದೆ. ಹೆಲ್ಮೆಟ್ಟಿನ ಕೆಳಗೆ ಅಂಚಿರುವ ತೆಳು ಟೋಪಿ ಇದ್ದರೆ ಕಣ್ಣಿಗೆ ಹನಿ ಹೊಡೆಯುವುದಿಲ್ಲ.

9. ರಸ್ತೆಯ ಬಣ್ಣ ಓದಿ

ಒದ್ದೆ ಡಾಂಬರಿನ ಮೇಲೆ ಹಿಡಿತವಿದೆ. ಜಾರಿಸುವುದು ಅದರ ಮೇಲಿರುವ ಉಳಿದದ್ದೆಲ್ಲ. ಬಿಳಿ ಪಟ್ಟೆ, ಹಳದಿ ಪಟ್ಟೆ, ಊರ ಬಾಗಿಲಿನ ರಂಬಲ್ ಪಟ್ಟಿ, ಮೋರಿಯ ಕಬ್ಬಿಣದ ಮುಚ್ಚಳ, ಇವನ್ನು ನೇರವಾಗಿ, ಬಾಗದೆ, ಬ್ರೇಕ್ ಹಿಡಿಯದೆ ದಾಟಿ. ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಡೀಸೆಲ್. ತುಂಬಿದ ಟ್ಯಾಂಕಿನ ಬಸ್ಸು, ಲಾರಿಗಳು ಅದನ್ನು ಚೆಲ್ಲುವುದು ಸರಿಯಾಗಿ ತಿರುವಿನಲ್ಲೇ, ನಿಮಗೆ ಅದು ಬೇಡವಾದ ಕಡೆಯಲ್ಲೇ. ಕಂದು ಬಣ್ಣವೆಂದರೆ ಸಿಲ್ವರ್ ಓಕ್, ನೀಲಗಿರಿ ಮರದ ಉದುರೆಲೆ. ಎಲೆಯ ಕೆಳಗೆ ಏನಿದೆಯೆಂದು ಕಾಣುವುದಿಲ್ಲ. ಬಂಡೆ ಜಿನುಗುವ ಕಡೆ ಹಸಿರು ಕಂಡರೆ ಪಾಚಿ, ಅಲ್ಲಿ ರಸ್ತೆಯ ಅಂಚಿಗೆ ಇಳಿಯಲೇಬೇಡಿ.

ಚಿಕ್ಕಮಗಳೂರು, ಕೊಡಗಿನಲ್ಲಿ ಇದಕ್ಕೆ ಕಾಫಿ ಕೊಯ್ಲು ಸೇರುತ್ತದೆ. ನವೆಂಬರಿನಿಂದ ತೋಟಗಳ ಗೇಟಿನಿಂದ ಜೀಪು, ಟ್ರ್ಯಾಕ್ಟರುಗಳು ಹೊರಬರುತ್ತವೆ, ಟೈರಿನಲ್ಲಿ ಅಂಟಿದ ಕೆಂಪು ಮಣ್ಣನ್ನು ರಸ್ತೆಗೆ ಬಳಿಯುತ್ತವೆ. ತಿರುವಿನಾಚೆ ಎಸ್ಟೇಟ್ ಗೇಟ್ ಇದ್ದೇ ಇದೆ ಎಂದುಕೊಂಡು ಇಳಿಯಿರಿ. ಇನ್ನೊಂದು ಮಾತು: ಬಹಳ ದಿನದ ಬಿಸಿಲಿನ ನಂತರದ ಮೊದಲ ಅರ್ಧ ಗಂಟೆಯ ಮಳೆ ಎಲ್ಲಕ್ಕಿಂತ ಕೆಟ್ಟದ್ದು. ಧೂಳು, ಎಣ್ಣೆ ಎರಡೂ ಎದ್ದು ರಸ್ತೆ ಸೋಪು ಹಚ್ಚಿದ ಬಚ್ಚಲಿನಂತಾಗುತ್ತದೆ. ಆ ಅರ್ಧ ಗಂಟೆ ಚಹಾ ಕುಡಿಯಲು ಮೀಸಲು.

10. ತಿರುವಿಗೆ ಮುಂಚೆ ನಿಧಾನಿಸಿ, ತಿರುವಿನಲ್ಲಿ ಅಲ್ಲ

ಸೈಕಲ್ ನೆಟ್ಟಗಿರುವಾಗ ಎರಡೂ ಬ್ರೇಕು ಹಿಡಿದು ವೇಗ ಕಳೆಯಿರಿ. ಬಾಗಿದ ಮೇಲೆ ಬ್ರೇಕ್ ಮುಟ್ಟಬೇಡಿ. ತಿರುವಿನ ಹೊರಗಡೆಯ ಪೆಡಲು ಕೆಳಗಿರಲಿ, ಭಾರ ಅದರ ಮೇಲಿರಲಿ, ಕಣ್ಣು ತಿರುವಿನಾಚೆ ಇರಲಿ. ವೇಗ ಅರ್ಧವಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಕಾಲುಭಾಗಕ್ಕೆ ಇಳಿಯುತ್ತದೆ.

ಎದುರಿಗೆ ಬಸ್ಸು ಬಂದರೆ ಜಾಗ ಅದಕ್ಕೆ ಬಿಡಿ. ಹೇರ್‌ಪಿನ್ನಿನಲ್ಲಿ ತಿರುಗಲು ಅದಕ್ಕೆ ಇಡೀ ರಸ್ತೆ ಬೇಕು, ಘಾಟಿಯಲ್ಲಿ ಏರುವ ವಾಹನಕ್ಕೇ ಮೊದಲ ಹಕ್ಕು. ಮಸಿನಗುಡಿ ಕಡೆಯ ಕಲ್ಹಟ್ಟಿ ಘಾಟಿಯಲ್ಲಿ ಇಂಥ 36 ತಿರುವುಗಳಿವೆ. ಅದನ್ನು ಏರಿ, ಹೆಮ್ಮೆಪಡಿ. ಮಳೆಯಲ್ಲಿ ಅದನ್ನು ಸೈಕಲ್ ಮೇಲೆ ಇಳಿಯುವುದು ಸಾಹಸವಲ್ಲ, ದಡ್ಡತನ.

11. ಹಗಲಲ್ಲೂ ದೀಪ ಉರಿಸಿ

ಹಿಂದೆ ಕೆಂಪು, ಮುಂದೆ ಬಿಳಿ, ಮಂಜಿದ್ದರಂತೂ ಎರಡೂ ಬೇಕೇ ಬೇಕು. ಕಪ್ಪು ಜೆರ್ಸಿಗೆ ಈ ಕಾಲದಲ್ಲಿ ರಜೆ.

12. ಬಾಯಾರಿಕೆಗೆ ಕಾಯಬೇಡಿ

ಚಳಿಯಲ್ಲಿ ದಾಹ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ಹೊಟ್ಟೆ ಖಾಲಿಯಾದವನಿಗೆ ಚಳಿಯೂ ಬೇಗ ಹತ್ತುತ್ತದೆ. ಜೇಬಿನಲ್ಲಿ ಶೇಂಗಾ ಚಿಕ್ಕಿ, ಏಲಕ್ಕಿ ಬಾಳೆ. ಒದ್ದೆ ಗ್ಲೌಸಿನಿಂದ ಕವರು ಬಿಡಿಸಲಾಗದು, ಚಿಕ್ಕಿಯನ್ನು ಮನೆಯಲ್ಲೇ ಬಿಚ್ಚಿ ಡಬ್ಬಿಗೆ ಹಾಕಿಕೊಳ್ಳಿ. ನೀಲಗಿರಿಯ ಬಡಗರ ಹಟ್ಟಿಗಳಲ್ಲಿ ಕನ್ನಡದಲ್ಲೇ ಚಹಾ ಕೇಳಿ ನೋಡಿ. ಅವರ ಮಾತು ನಮ್ಮದಕ್ಕೆ ಹತ್ತಿರದ ನೆಂಟ, ದಾರಿಯ ಸ್ಥಿತಿ ಹೇಗಿದೆ ಎಂಬುದೂ ಅಲ್ಲೇ ತಿಳಿಯುತ್ತದೆ.

13. ಕಾಡಿನ ರಸ್ತೆಯನ್ನು ವಾಹನದಲ್ಲಿ ದಾಟಿ

ಮಳೆಯ ಸದ್ದಿನಲ್ಲಿ ಆನೆಯ ಸಪ್ಪಳ ಕೇಳುವುದಿಲ್ಲ, ಸೈಕಲ್ಲಿನ ಸಪ್ಪಳ ಆನೆಗೂ ಕೇಳುವುದಿಲ್ಲ. ಬಂಡೀಪುರ, ಮುದುಮಲೆಯ ಭಾಗದಲ್ಲಿ ಸೈಕಲ್ಲನ್ನು ಗಾಡಿಗೆ ಏರಿಸಿ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂಡೀಪುರದ ರಸ್ತೆ ಹೇಗೂ ಮುಚ್ಚಿರುತ್ತದೆ. ಕೋತಗಿರಿ, ಕೂನೂರಿನ ಚಹಾ ತೋಟಗಳಲ್ಲಿ ಕಾಟಿಗಳು ಮಂಜಿನಿಂದ ದಿಢೀರನೆ ಹೊರಬರುತ್ತವೆ. ಕಂಡರೆ ದೂರದಲ್ಲೇ ನಿಂತು, ಅದು ಹೋದ ಮೇಲೆ ಹೋಗಿ. ಫೋಟೋಗೆ ಹತ್ತಿರ ಹೋಗಬೇಡಿ.

14. ಮನೆಗೆ ಬಂದವರೇ ಮೊದಲು ಸೈಕಲ್ಲಿಗೆ ನೀರು ಹಾಕಿ

ಸ್ನಾನ ಆಮೇಲೆ. ಬಕೆಟ್ ನೀರು, ಬ್ರಶ್ಶು ಸಾಕು. ಕಾರು ತೊಳೆಯುವ ಪ್ರೆಶರ್ ಪೈಪು ಬೇಡ, ಅದು ಬೇರಿಂಗಿನ ಗ್ರೀಸನ್ನೇ ತೊಳೆದುಬಿಡುತ್ತದೆ. ಚೈನನ್ನು ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಕೊಂಡಿ ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಟೈರಿನಲ್ಲಿ ಚುಚ್ಚಿಕೊಂಡ ಚೂರುಗಳನ್ನು ಪಿನ್ನಿನಿಂದ ಎಬ್ಬಿಸಿ, ಇಂದು ಆಗದ ಪಂಕ್ಚರ್ ಮುಂದಿನ ವಾರ ಅದರಿಂದಲೇ ಆಗುತ್ತದೆ. ಕೊನೆಗೆ ಬ್ರೇಕ್ ಪ್ಯಾಡ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ರಬ್ಬರಿನಲ್ಲಿ ಹೊಳೆಯುವ ಅಲ್ಯೂಮಿನಿಯಮ್ ಚೂರು ಸಿಕ್ಕಿದ್ದರೆ ಕಿತ್ತು ತೆಗೆಯಿರಿ, ಅದು ರಿಮ್ಮನ್ನು ಕೆರೆದು ತಿನ್ನುತ್ತದೆ. ಪ್ಯಾಡಿನ ಗೆರೆ ಅಳಿಸಿಹೋಗಿದ್ದರೆ ಇವತ್ತೇ ಹೊಸ ಜೋಡಿ ಕೊಳ್ಳಿ, ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ಯಾವ ಸೈಕಲ್ ಅಂಗಡಿಯೂ ತೆರೆದಿರುವುದಿಲ್ಲ.