ಗಣಕಯಂತ್ರಗಳ ನಡುವಣ ನಂಬಿಕೆ: ವರ್ತಕರು ಅರಿತಿರಬೇಕಾದ ಸಂಗತಿಗಳು

ಬಿ.ದುರ್ಗ, ಭೀಮಸಮುದ್ರ, ಹೊಳಲ್ಕೆರೆ ಭಾಗಗಳ ಅಡಿಕೆಯು ಉತ್ತರ ಭಾರತದ ಪೇಟೆಗಳಿಗೆ ಸಾಗುವುದು ಹೊಸ ಸಂಗತಿಯೇನಲ್ಲ. ಹಿಂದೆ ದಲಾಲರ ಮಾತು, ಅಂಗಡಿಯ ಮೊಹರು ಮತ್ತು ಬಹುಕಾಲದ ಪರಿಚಯ ಇವುಗಳೇ ವ್ಯವಹಾರಕ್ಕೆ ಆಧಾರವಾಗಿದ್ದವು. ಇಂದಾದರೋ ಲಾರಿ ಹೊರಡುವ ಮುನ್ನವೇ ವರ್ತಕರ ಗಣಕಯಂತ್ರವು ಸರ್ಕಾರದ ಸರ್ವರ್‌ನೊಡನೆ ಮಾತನಾಡಿರುತ್ತದೆ. ಪರಸ್ಪರ ಕಾಣದ ಎರಡು ಯಂತ್ರಗಳು ಒಂದನ್ನೊಂದು ನಂಬುವುದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಎರಡು ಕೀಲಿಗಳು

ಈ ನಂಬಿಕೆಯ ಮೂಲ ಜೋಡಿ ಕೀಲಿಗಳಲ್ಲಿದೆ. ಖಾಸಗಿ ಕೀಲಿಯು ಒಡೆಯನ ಬಳಿಯಲ್ಲೇ ಇರುತ್ತದೆ. ಸಾರ್ವಜನಿಕ ಕೀಲಿಯನ್ನು ಯಾರಿಗಾದರೂ ಕೊಡಬಹುದು. ಖಾಸಗಿ ಕೀಲಿಯಿಂದ ಮಾಡಿದ ಸಹಿಯನ್ನು ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸಬಹುದು. ದಾಖಲೆಯಲ್ಲಿ ಒಂದಂಕಿ ಬದಲಾದರೂ ಸಹಿ ತಾಳೆಯಾಗದು.

ಆದರೆ ಆ ಸಾರ್ವಜನಿಕ ಕೀಲಿ ನಿಜವಾಗಿಯೂ ಯಾರದು? ಇದನ್ನು ದೃಢೀಕರಿಸುವವರೇ ಪ್ರಮಾಣೀಕರಣ ಪ್ರಾಧಿಕಾರಗಳು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮದನ್ವಯ ಕೇಂದ್ರದ ನಿಯಂತ್ರಕರು ಇವುಗಳಿಗೆ ಪರವಾನಗಿ ನೀಡುತ್ತಾರೆ.

ಇ-ಇನ್‌ವಾಯ್ಸ್‌ನ ನಿದರ್ಶನ

2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು ನೋಂದಾಯಿತ ಖರೀದಿದಾರರಿಗೆ ಇ-ಇನ್‌ವಾಯ್ಸ್ ನೀಡಬೇಕಾಗಿದೆ. ಲೆಕ್ಕದ ತಂತ್ರಾಂಶವನ್ನು ನೇರವಾಗಿ ಪೋರ್ಟಲ್‌ಗೆ ಜೋಡಿಸಿದ್ದಲ್ಲಿ, ಅದು ತನ್ನ ಗುಪ್ತಪದದೊಡನೆ ಒಂದು ತಾತ್ಕಾಲಿಕ ಕೀಲಿಯನ್ನು ಪೋರ್ಟಲ್‌ನ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಳುಹಿಸುತ್ತದೆ. ಅದನ್ನು ತೆರೆಯಬಲ್ಲದ್ದು ನಿಜವಾದ ಪೋರ್ಟಲ್ ಮಾತ್ರ. ಪ್ರತಿಯಾಗಿ ದೊರೆಯುವ ಅನುಮತಿಯು ನಿಗದಿತ ಅವಧಿಗಷ್ಟೇ ಸಿಂಧುವಾಗಿರುತ್ತದೆ. ಬಳಿಕ ಪೋರ್ಟಲ್ ಬಿಲ್ಲಿಗೆ 64 ಅಕ್ಷರಗಳ ಉಲ್ಲೇಖ ಸಂಖ್ಯೆ ನೀಡಿ, ತನ್ನ ಸಹಿಯುಳ್ಳ ಕ್ಯೂಆರ್ ಸಂಕೇತವನ್ನು ಹಿಂದಿರುಗಿಸುತ್ತದೆ. ಖರೀದಿದಾರರು ಇದನ್ನು ಇಲಾಖೆಯ ಆ್ಯಪ್‌ನಿಂದ ಪರೀಕ್ಷಿಸಬಹುದು.

ಸಹಿಯ ಮಿತಿ

ಇಲ್ಲೊಂದು ಎಚ್ಚರಿಕೆ ಅಗತ್ಯ. ನೋಂದಾಯಿಸಿದ ಬಿಲ್ಲನ್ನು 24 ಗಂಟೆಗಳೊಳಗೆ ಮಾರಾಟಗಾರರು ರದ್ದುಪಡಿಸಬಹುದು. ರದ್ದಾದ ಬಳಿಕವೂ ಮುದ್ರಿತ ಕಾಗದದ ಮೇಲಿನ ಸಹಿ ಸರಿಯಾಗಿಯೇ ತೋರುತ್ತದೆ. ಆದುದರಿಂದ ಸಹಿಯೊಡನೆ ಪೋರ್ಟಲ್‌ನಲ್ಲಿ ಬಿಲ್ಲಿನ ಸದ್ಯದ ಸ್ಥಿತಿಯನ್ನೂ ನೋಡಬೇಕು. ಸರಕು ನಿಜವಾಗಿ ಬಂದಿದೆಯೇ, ಮಾರಾಟಗಾರರು ತೆರಿಗೆ ಕಟ್ಟಿದ್ದಾರೆಯೇ ಎಂಬುದನ್ನು ಯಾವ ಸಹಿಯೂ ಹೇಳದು. ಇವೆರಡೂ ಇಲ್ಲದಿದ್ದಲ್ಲಿ ಹೂಡುವಳಿ ತೆರಿಗೆ ಜಮೆ ಕೈತಪ್ಪಿ, ಪ್ರಾಮಾಣಿಕ ಖರೀದಿದಾರರೂ ನಷ್ಟ ಅನುಭವಿಸಬೇಕಾದೀತು.

ನಂಬಿಕೆ ಮುರಿದಾಗ

ಸರಪಳಿಯ ಒಂದು ಕೊಂಡಿ ಸಡಿಲವಾದರೆ ಏನಾಗುವುದೆಂಬುದಕ್ಕೆ 2014ರ ಪ್ರಸಂಗವೇ ಸಾಕ್ಷಿ. ಗೂಗಲ್‌ನ ಕೆಲವು ತಾಣಗಳ ಹೆಸರಿನಲ್ಲಿ ಎನ್‌ಐಸಿಯ ಪ್ರಮಾಣೀಕರಣ ವ್ಯವಸ್ಥೆಯಿಂದ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದು ಜುಲೈ 2ರಂದು ಪತ್ತೆಯಾಯಿತು. ಮರುದಿನವೇ ನಿಯಂತ್ರಕರು ಸಂಬಂಧಿತ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ಸರ್ಕಾರಿ ಸಂಸ್ಥೆಗೂ ಈ ನಿಯಮದಿಂದ ವಿನಾಯಿತಿ ದೊರೆಯಲಿಲ್ಲ.

ವರ್ತಕರ ಹೊಣೆ

ಖಾಸಗಿ ಕೀಲಿಯನ್ನು ಜೋಪಾನ ಮಾಡುವುದು ಹಾಗೂ ಅದು ಪರರ ಕೈಸೇರಿದರೆ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ತಿಳಿಸುವುದು ಅಧಿನಿಯಮದ 42ನೇ ಕಲಮಿನನ್ವಯ ಒಡೆಯರದೇ ಕರ್ತವ್ಯ. ಈ ದೃಷ್ಟಿಯಿಂದ ಸದಸ್ಯರು ಕೆಳಕಂಡ ಅಂಶಗಳನ್ನು ಪಾಲಿಸುವುದು ಒಳಿತು:

1. ಡಿಜಿಟಲ್ ಸಹಿಯ ಟೋಕನ್ ಮತ್ತು ಅದರ ಗುಪ್ತಪದವನ್ನು ಲೆಕ್ಕಿಗರ ಬಳಿ ಖಾಯಂ ಆಗಿ ಬಿಡದಿರುವುದು.
2. ತಾಣದ ವಿಳಾಸವನ್ನು ತಾವೇ ಬರೆದು ತೆರೆಯುವುದು. ಸಂದೇಶಗಳಲ್ಲಿ ಬಂದ ಕೊಂಡಿಗಳನ್ನು ಒತ್ತದಿರುವುದು.
3. ಬ್ರೌಸರ್ ಪ್ರಮಾಣಪತ್ರದ ದೋಷ ತೋರಿಸಿದಾಗ ಮುಂದುವರಿಯದಿರುವುದು.
4. ನೌಕರರು ಕೆಲಸ ಬಿಟ್ಟ ದಿನವೇ ಅವರ ಬಳಕೆದಾರ ಖಾತೆಯನ್ನು ಮುಚ್ಚುವುದು.

ಹಿಂದಿನವರು ಅಂಗಡಿಯ ಮೊಹರನ್ನು ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಇಂದಿನ ಮೊಹರು ಬೆರಳ ಗಾತ್ರದ ಟೋಕನ್. ಅದಕ್ಕೂ ಅಷ್ಟೇ ಕಾವಲು ಬೇಕು.